ಎರಡು ಟ್ಯಾಂಕು

ಕನ್ನಡದ ಬಾಯಲ್ಲಿ ಈಗ ಎರಡು ಟ್ಯಾಂಕುಗಳಿವೆ. ಒಂದು, ಜನವರಿ 26ರಂದು ದೆಹಲಿಯಲ್ಲಿ ರಾಷ್ಟ್ರಪತಿಗಳಿಗೆ ಕೋವಿ ಬಾಗಿಸಿ ಸಲಾಮು ಹೊಡೆದು ಹೋಗುವ ಟ್ಯಾಂಕು. ಇನ್ನೊಂದು, ಮನೆಯ ಹಿತ್ತಲಲ್ಲಿ ಚಪ್ಪಡಿ ಹೊದ್ದುಕೊಂಡು ಕೂತ ಟ್ಯಾಂಕು. ಎರಡಕ್ಕೂ ತಲೆಯ ಮೇಲೊಂದು ಬಾಯಿ. ಎರಡರೊಳಕ್ಕೂ ಮನುಷ್ಯ ಇಳಿಯುತ್ತಾನೆ. ಎರಡರಲ್ಲೂ ವಿಷಗಾಳಿಯ ಭಯ. ಮೊದಲನೆಯದಕ್ಕೆ ಇಳಿಯುವವನ ಉಸಿರು ಉಳಿಸಲು ಈ ದೇಶದ ಬುದ್ಧಿವಂತಿಕೆಯೆಲ್ಲಾ ಸೇರಿ ದಶಕಗಟ್ಟಲೆ ತಲೆ ಕೆಡಿಸಿಕೊಂಡಿದೆ. ಎರಡನೆಯದಕ್ಕೆ ಇಳಿಯುವವನಿಗೆ ಕಂಟ್ರಾಕ್ಟರು ಒಂದು ಕ್ವಾರ್ಟರು ಕೊಡುತ್ತಾನೆ.

ನಾನು ಇಂಜಿನಿಯರಲ್ಲ. ಮನೆಯಲ್ಲಿ ಮೊದಲು ಡಿಗ್ರಿ ಕಂಡವನು, ಅದೂ ಬಿ.ಎ. ನಮ್ಮಂಥವರು ಯಂತ್ರದ ಮಾತೆತ್ತಿದರೆ 'ಕವಿಗಳಿಗೆ ಇದೆಲ್ಲ ಯಾಕ್ರೀ' ಎಂದು ನಗುವವರಿದ್ದಾರೆ. ನಗಲಿ. ನಮ್ಮ ಬಂಡಾಯದ ಗೆಳೆಯರದೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ನಾವು ಪದ್ಯದಲ್ಲಿ ಕೋವಿ ಎನ್ನುತ್ತೇವೆ, ಖಡ್ಗ ಎನ್ನುತ್ತೇವೆ, ಮದ್ದುಗುಂಡು ಎನ್ನುತ್ತೇವೆ. ಆ ಕೋವಿ ಯಾವ ಊರಲ್ಲಿ ತಯಾರಾಗುತ್ತದೆ, ಯಾರ ಜಮೀನಿನ ಮೇಲೆ, ಯಾರ ಕೈಯಲ್ಲಿ, ಯಾರ ಪ್ರಾಣ ಕಾಯಲು ಎಂದು ಕೇಳಿದವರು ಕಡಿಮೆ. ಕೇಳಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ, ನಮ್ಮ ರಾಜ್ಯದಲ್ಲೇ ಎಲ್ಲಾ ಇದೆ.

ಮೊದಲು ಟ್ಯಾಂಕಿನೊಳಗಿನ ಗಾಳಿಯ ವಿದ್ಯೆ. ಶತ್ರು ವಿಷಗಾಳಿ ಬಿಟ್ಟರೆ, ಅಣುಬಾಂಬಿನ ಧೂಳು ಹಾರಿಬಂದರೆ ಒಳಗಿನ ಮೂರು ನಾಲ್ಕು ಜನ ಸಾಯಬಾರದು. ಅದಕ್ಕೊಂದು ಏರ್ಪಾಡು. ಹೊರಗಿನ ಗಾಳಿಯನ್ನು ಫ್ಯಾನಿನಿಂದ ಎಳೆದು, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಒಳಕ್ಕೆ ತಳ್ಳುತ್ತಾರೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರುವಂತೆ ನೋಡಿಕೊಳ್ಳುತ್ತಾರೆ. ಬಾಗಿಲ ಸಂದಿಯಲ್ಲಿ ಸಣ್ಣ ಬಿರುಕಿದ್ದರೂ ಒಳಗಿನ ಗಾಳಿ ಹೊರಕ್ಕೆ ನುಗ್ಗುತ್ತದೆಯೇ ಹೊರತು ಹೊರಗಿನ ವಿಷ ಒಳಕ್ಕೆ ಬರುವುದಿಲ್ಲ. ಮೇಷ್ಟ್ರೇ, ನೀವು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೀರಲ್ಲ, ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಗಾಳಿ ಹರಿಯುತ್ತದೆ ಎಂದು, ಅಷ್ಟೇ ವಿದ್ಯೆ. ದೇವರಹಸ್ಯವೇನಲ್ಲ.

ಈಗ ಹಿತ್ತಲ ಟ್ಯಾಂಕು. ಅಲ್ಲಿ ಕೊಳೆತದ್ದರಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಗಾಳಿ ಹುಟ್ಟುತ್ತದೆ. ಕೊಳೆತ ಮೊಟ್ಟೆಯ ನಾತ. ಸ್ವಲ್ಪ ಇದ್ದಾಗ ಮೂಗಿಗೆ ಗೊತ್ತಾಗುತ್ತದೆ. ಜಾಸ್ತಿಯಾದಾಗ ಅದು ಮೊದಲು ಕೊಲ್ಲುವುದೇ ಮೂಗಿನ ಶಕ್ತಿಯನ್ನು. ನಾತ ಹೋಯಿತು ಎಂದುಕೊಂಡು ಇನ್ನೊಂದು ಮೆಟ್ಟಿಲು ಇಳಿದವನು ಮೇಲೆ ಬರುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಮಲಗಿರುತ್ತದೆ. ಕೆಸರು ಕದಡಿದ ಕ್ಷಣ ಬುಗ್ಗೆಂದು ಏಳುತ್ತದೆ. ಒಬ್ಬ ಬಿದ್ದ ಎಂದು ಇನ್ನೊಬ್ಬ ಇಳಿಯುತ್ತಾನೆ, ಅವನು ಬಿದ್ದ ಎಂದು ಮೂರನೆಯವನು. ಪತ್ರಿಕೆಯವರು 'ದುರಂತ' ಎಂದು ಬರೆಯುತ್ತಾರೆ. ಆಣೆಕಲ್ಲು ಮಳೆ ಬಿದ್ದ ಹಾಗೆ, ಸಿಡಿಲು ಹೊಡೆದ ಹಾಗೆ!

ಅಮೃತೂರಿನ ನಮ್ಮ ಹಟ್ಟಿಯಲ್ಲಿ ನನ್ನ ಸೋದರಮಾವ ಒಬ್ಬರಿದ್ದಾರೆ. ಹರೆಯದಲ್ಲಿ ಪಟ್ಟಣದ ಕಡೆ ಗುಂಡಿ ಕೆಲಸಕ್ಕೆ ಹೋಗುತ್ತಿದ್ದವರು. ಯಾವ ಪಟ್ಟಣ, ಯಾವ ಕಂಟ್ರಾಕ್ಟರು ಎಂಬುದು ಇಲ್ಲಿ ಬೇಡ. ಅವರನ್ನು ಕೇಳಿದೆ, ಅಷ್ಟು ವರ್ಷ ಇಳಿದೂ ಹೆಂಗೆ ಬದುಕಿದೆ ಮಾವ ಅಂತ. ಹೇಳಿದರು: 'ಚಪ್ಪಡಿ ಸರಿಸಿ ಒಂದಗಲು ಬಿಡಬೇಕು ಕಣಪ್ಪ. ಆಮೇಕೆ ಉದ್ದನೇ ಬಿದಿರಲ್ಲಿ ಮೊದ್ಲು ಕದಡಬೇಕು, ದೂರ ನಿಂತ್ಕಂಡು. ಲಾಟೀನು ಹಗ್ಗದಾಗೆ ಬಿಡಬೇಕು. ಆರೋದ್ರೆ ಇಳೀಬಾರ್ದು. ಒಂದೊಂದ್ಸಲ ಧಗ್ಗಂತ ಅಂಟ್ಕಂಡು ಬುಡ್ತದೆ, ಅದ್ಕೆ ಮಕ ಆ ಕಡೆ ಮಾಡ್ಕಬೇಕು. ಮನೆಯವ್ರು ಎಲ್ಲಿ ಬುಡ್ತಾರೆ? ಬಾಗ್ಲು ತಗುದ್ರೆ ನಾತ, ಬೇಗ ಇಳೀಲಾ ಅಂತಾರೆ.'

ಈ ಮಾತಲ್ಲಿ ಏನೇನಿದೆ ನೋಡಿ. ಹಗುರ ಗಾಳಿ, ಭಾರದ ಗಾಳಿ, ಉರಿಯುವ ಗಾಳಿ, ಉಸಿರು ಕಟ್ಟಿಸುವ ಗಾಳಿ, ಎಲ್ಲದರ ಪರೀಕ್ಷೆಯೂ ಇದೆ. ಓದು ಬರಹ ಬಾರದ ಮನುಷ್ಯ ತನ್ನ ಜೀವವನ್ನೇ ಪ್ರಯೋಗಶಾಲೆ ಮಾಡಿಕೊಂಡು ಕಂಡುಹಿಡಿದದ್ದು. ಇದಕ್ಕೆ ಪೇಟೆಂಟಿಲ್ಲ. ಸೋಸಿದ ಗಾಳಿಯ ಟ್ಯಾಂಕನ್ನು ರೂಪಿಸಿದವನಿಗೆ ಪದಕವಿದೆ. ಇಬ್ಬರು ಯೋಚಿಸಿದ್ದೂ ಒಂದೇ ಪ್ರಶ್ನೆಯನ್ನು: ವಿಷದೊಳಗೆ ಇಳಿದ ಮನುಷ್ಯ ಹೇಗೆ ಬದುಕಬೇಕು?

ಕೆಜಿಎಫ್‌ಗೆ ಬನ್ನಿ. ಕೋಲಾರದ ಚಿನ್ನದ ಗಣಿ ಪ್ರಪಂಚದಲ್ಲೇ ಅತಿ ಆಳದ ಗಣಿಗಳಲ್ಲಿ ಒಂದಾಗಿತ್ತು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಹೆಚ್ಚು ಆಳ. 1902ರಲ್ಲೇ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಎಳೆದರು, ನಮ್ಮ ಹಟ್ಟಿಗಳಿಗೆ ಬುಡ್ಡಿದೀಪವೂ ದುಬಾರಿಯಾಗಿದ್ದ ಕಾಲದಲ್ಲಿ. ಭೂಮಿಯ ಹೊಟ್ಟೆಯೊಳಕ್ಕೆ ಅಷ್ಟು ಆಳಕ್ಕೆ ಯಂತ್ರದಿಂದ ಗಾಳಿ ಕಳಿಸಿದರು. ಕರುಣೆಯಿಂದ ಅಲ್ಲ. ಗಾಳಿ ಇಲ್ಲದಿದ್ದರೆ ಚಿನ್ನ ಮೇಲೆ ಬರುವುದಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಅದೇ ಊರಿನಲ್ಲಿ ಬಿಇಎಂಎಲ್ ಕಾರ್ಖಾನೆ ಇದೆ. ಮಣ್ಣು ತಳ್ಳುವ ಬುಲ್ಡೋಜರುಗಳು ಅಲ್ಲಿಂದ ಬರುತ್ತವೆ. ಮಿಲಿಟರಿಯ ವಾಹನಗಳೂ ಅಲ್ಲಿಂದಲೇ. ಯುದ್ಧಭೂಮಿಯಲ್ಲಿ ಟ್ಯಾಂಕು ಕೆಟ್ಟು ಕೆಸರಿನಲ್ಲಿ ಹೂತುಕೊಂಡರೆ ಎಳೆದು ತರಲೆಂದೇ ಇನ್ನೊಂದು ಉಕ್ಕಿನ ವಾಹನವಿದೆ. ಮೈಗೆಲ್ಲಾ ರಕ್ಷಾಕವಚ, ಮೇಲೆ ಕ್ರೇನು, ಮುಂದೆ ವಿಂಚು. ರಿಕವರಿ ವೆಹಿಕಲ್ ಎನ್ನುತ್ತಾರೆ. ಬಿಇಎಂಎಲ್ ಅದನ್ನು ಪೋಲೆಂಡಿನವರ ಜೊತೆ ಸೇರಿ ಕಟ್ಟಿಕೊಟ್ಟಿತು. ನಲವತ್ತು ಟನ್ನಿಗೂ ಮಿಕ್ಕ ಭಾರದ ಟ್ಯಾಂಕನ್ನು ಕೆಸರಿನಿಂದ ಎತ್ತುವ ವಿದ್ಯೆ ಕೆಜಿಎಫ್‌ಗೆ ಗೊತ್ತು.

2011ರಲ್ಲಿ ಅದೇ ಕೆಜಿಎಫ್‌ನಲ್ಲಿ ಮಲದ ಗುಂಡಿಗೆ ಇಳಿದ ಮೂವರು ಸತ್ತರು.

ಮೂರು ಕಿಲೋಮೀಟರ್ ಆಳಕ್ಕೆ ಗಾಳಿ ಕಳಿಸಿದ ಊರು ಅದು. ಒಂದು ಗುಂಡಿಯಷ್ಟು ಆಳಕ್ಕೆ ಕಳಿಸಲಿಲ್ಲ. ಗಣಿ ಕಂಪನಿಯ ವಸತಿಗಳಲ್ಲಿ 1980ರ ದಶಕದಲ್ಲೂ ಕೈಯಿಂದ ಬಾಚುವ ಪಾಯಿಖಾನೆಗಳಿದ್ದವು. ಅವನ್ನು ಬಾಚುವ ಕೇರಿಯಲ್ಲೇ ಬೆಜವಾಡ ವಿಲ್ಸನ್ ಹುಟ್ಟಿದರು, ಅಲ್ಲಿಂದಲೇ ಹೋರಾಟ ಶುರುಮಾಡಿದರು, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದ್ದು ಬಸವಲಿಂಗಪ್ಪನವರು, ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ, 1970ರ ದಶಕದ ಮೊದಲಲ್ಲಿ. ಅವರು ಯಾವ ಯಂತ್ರವನ್ನೂ ಕಂಡುಹಿಡಿಯಲಿಲ್ಲ. ಹೊಸ ಯಂತ್ರ ಬರಲಿ ಆಮೇಲೆ ನೋಡೋಣ ಎಂದು ಕೂರಲೂ ಇಲ್ಲ. ಬೇಡ ಎಂದರು. ಆಮೇಲೆ 1973ರಲ್ಲಿ ಬೂಸಾ ಎಂಬ ಒಂದು ಮಾತಿಗೆ ಅವರ ಕುರ್ಚಿ ಕಿತ್ತುಕೊಂಡ ಕಥೆ ನಿಮಗೆಲ್ಲಾ ಗೊತ್ತಿರುವುದೇ.

ಇನ್ನು ರೈಲು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ರೈಲು ಬೋಗಿ ಕಟ್ಟುವುದು ಬೆಂಗಳೂರಿಗೆ ಹೊಸದಲ್ಲ. ವಿಮಾನ ಕಟ್ಟುವ ಹೆಚ್‌ಎಎಲ್ ಮೊದಲು ಬೋಗಿಗಳನ್ನೂ ಕಟ್ಟುತ್ತಿತ್ತು. 1964ರಲ್ಲಿ ಬಿಇಎಂಎಲ್ ಹುಟ್ಟಿದ ಮೇಲೆ ಆ ಕೆಲಸ ಅದಕ್ಕೆ ಹೋಯಿತು. ಅಂದರೆ ಆಕಾಶದ ವಾಹನ, ಯುದ್ಧದ ವಾಹನ, ಹಳಿಯ ವಾಹನ ಮೂರೂ ಒಂದೇ ಒಲೆಯಲ್ಲಿ ಬೆಂದವು. ಬುದ್ಧಿ ಒಂದೇ, ಡ್ರಾಯಿಂಗ್ ಬೋರ್ಡು ಒಂದೇ. ನೂರು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮೇಲಿನ ಬರ್ತಿನಲ್ಲಿ ಮಲಗಿದವನ ನಿದ್ದೆ ಕೆಡದಂತೆ ಸ್ಪ್ರಿಂಗು ಎಷ್ಟು ಬಾಗಬೇಕು, ತಿರುವಿನಲ್ಲಿ ಚಕ್ರ ಹಳಿ ಬಿಡದಂತೆ ಅಂಚು ಎಷ್ಟಿರಬೇಕು, ಒಂದು ಬೋಗಿ ಇನ್ನೊಂದಕ್ಕೆ ಗುದ್ದಿದರೆ ಉಕ್ಕು ಎಲ್ಲಿ ಮುದುರಬೇಕು, ಎಲ್ಲಾ ಲೆಕ್ಕ ಹಾಕಿದ ರೈಲ್ವೆಯ ನಕ್ಷೆ ಪಾಯಿಖಾನೆಯ ಜಾಗಕ್ಕೆ ಬಂದಾಗ ಏನು ಮಾಡಿತು? ಒಂದು ತೂತು ಬರೆಯಿತು. ತೂತಿನ ಕೆಳಗೆ ಏನು ಎಂದು ಬರೆಯಲಿಲ್ಲ.

ಬರೆಯುವ ಅಗತ್ಯವೇ ಇರಲಿಲ್ಲ. ಕೆಳಗೆ ಯಾರಿರುತ್ತಾರೆ ಎಂಬುದು ನಕ್ಷೆ ಬರೆಯುವುದಕ್ಕೆ ಎರಡು ಸಾವಿರ ವರ್ಷ ಮುಂಚೆಯೇ ತೀರ್ಮಾನವಾಗಿತ್ತು. ಜಾತಿಯೂ ಈ ದೇಶದ ಒಂದು ಯಂತ್ರದ ಬಿಡಿಭಾಗ ಎಂದು ನಾನು ಹೇಳುವುದು ಇದಕ್ಕೇ. ಬೋಗಿಗೆ ಚಕ್ರ ಇದೆ, ಬ್ರೇಕಿದೆ, ಹಳಿಯ ಮೇಲೆ ಕಡ್ಡಿಪೊರಕೆ ಹಿಡಿದ ಒಬ್ಬಳು ಹೆಂಗಸೂ ಇದ್ದಾಳೆ. ಅವಳು ಬೋಗಿಯ ಲೆಕ್ಕದಲ್ಲೇ ಸೇರಿದವಳು, ಆದರೆ ಬಿಡಿಭಾಗಗಳ ಪಟ್ಟಿಯಲ್ಲಿ ಅವಳ ನಂಬರಿಲ್ಲ, ಸಂಬಳ ಮಾತ್ರ ಗುತ್ತಿಗೆದಾರನ ಕೈಯಲ್ಲಿ. ಅವಳನ್ನು ಆ ಲೆಕ್ಕದಿಂದ ತೆಗೆದರೆ ಅಷ್ಟು ಚೆಂದದ ರೈಲು ಒಂದು ವಾರ ಓಡುವುದಿಲ್ಲ. 2013ರ ಕಾಯ್ದೆ, ಮಲ ಬಾಚುವ ಪದ್ಧತಿಯನ್ನು ನಿಷೇಧಿಸಿದ್ದು, ರೈಲು ಹಳಿ ಎಂಬ ಮಾತನ್ನು ತಾನೇ ಹೆಸರೆತ್ತಿ ಹೇಳಿತು. ಆದರೆ ಅದೇ ಕಾಯ್ದೆಯಲ್ಲಿ ಒಂದು ಕಿಂಡಿಯನ್ನೂ ಬಿಟ್ಟರು. ಸರ್ಕಾರ ಹೇಳಿದ ಸಲಕರಣೆ, ರಕ್ಷಣೆಯ ಉಡುಪು ಕೊಟ್ಟು ಬಾಚಿಸಿದರೆ ಅವನು ಮಲ ಬಾಚುವವನೆಂದೇ ಲೆಕ್ಕವಿಲ್ಲ. ಒಂದು ಜೊತೆ ಕೈಗವಸಿನಲ್ಲಿ ಸಾವಿರ ವರ್ಷದ ಹೊಲೆ ತೊಳೆದುಹೋಯಿತು ನೋಡಿ! 2014ರಲ್ಲಿ ಸುಪ್ರೀಂ ಕೋರ್ಟು, ಹಳಿಯ ಮೇಲಿನ ಈ ಕೆಲಸ ನಿಲ್ಲಿಸಲು ಗಡುವು ಹಾಕಿಕೊಳ್ಳಿ ಎಂದು ರೈಲ್ವೆಗೆ ಹೇಳಬೇಕಾಯಿತು.

ಆಮೇಲೆ ತೂತು ಮುಚ್ಚಿದರು, ನಿಜ. ಮುಚ್ಚಿದ ಕಥೆ ಕೇಳಿ. ಸಿಯಾಚಿನ್, ಲಡಾಖ್‌ಗಳ ಹಿಮದಲ್ಲಿ ಸೈನಿಕರ ಮಲ ಕೊಳೆಯುವುದಿಲ್ಲ, ವರ್ಷಗಟ್ಟಲೆ ಹಾಗೇ ಇರುತ್ತದೆ. ಸೈನ್ಯಕ್ಕೆ ಇದು ತೊಂದರೆಯಾಯಿತು. ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಶಾಲೆ ಚಳಿಯಲ್ಲೂ ಬದುಕುವ ಸೂಕ್ಷ್ಮಜೀವಿಗಳನ್ನು ಹುಡುಕಿ ತಂದು, ಮಲವನ್ನು ನೀರು ಮತ್ತು ಗಾಳಿಯಾಗಿ ಒಡೆಯುವ ತೊಟ್ಟಿ ಮಾಡಿತು. ಆ ತೊಟ್ಟಿಯೇ 2011ರಿಂದ ರೈಲು ಬೋಗಿಯ ಹೊಟ್ಟೆಯ ಕೆಳಗೆ ಬಂದದ್ದು. ಜೈವಿಕ ಶೌಚಾಲಯ. ಈಗ ದೇಶದ ಬೋಗಿಗಳಿಗೆಲ್ಲಾ ಬಂದಿದೆ.

ಒಳ್ಳೆಯದಾಯಿತು. ಆದರೆ ಈ ಕ್ರಮವನ್ನು ಗಮನಿಸಿ. ನೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮವರು ಹಳಿಯ ಮೇಲೆ ಬಾಚಿದರು. ಅದು ಯಾವ ವಿಜ್ಞಾನಿಗೂ ಒಂದು ಸಮಸ್ಯೆಯಾಗಿ ಕಾಣಲಿಲ್ಲ. ಹಿಮದ ಮೇಲಿನ ಮಲ ಸಮಸ್ಯೆಯಾಯಿತು. ಕಾರಣ, ಸಿಯಾಚಿನ್‌ಗೆ ನಮ್ಮ ಅಕ್ಕ ಅತ್ತಿಗೆಯರನ್ನು ಪೊರಕೆ ಕೊಟ್ಟು ಕಳಿಸುವ ಹಾಗಿರಲಿಲ್ಲ. ಜಾತಿ ಏರಲಾರದ ಎತ್ತರದಲ್ಲಿ ವಿಜ್ಞಾನ ಹುಟ್ಟಿತು. ಕೆಳಗೆ ಬಯಲಿನಲ್ಲಿ ಜಾತಿಯೇ ಸಾಕಾಗಿತ್ತು.

ಹಾಗೆ ಬಂದ ತೊಟ್ಟಿಯೂ ಕಟ್ಟಿಕೊಳ್ಳುತ್ತದೆ. ಜನ ಬಾಟಲಿ, ಗುಟ್ಕಾ ಚೀಟಿ, ಬಟ್ಟೆ ಎಲ್ಲಾ ತುರುಕುತ್ತಾರೆ. 2017ರಲ್ಲಿ ಸಿಎಜಿ ವರದಿ ಬಂತು. ಪರೀಕ್ಷಿಸಿದ 25,000 ಶೌಚಾಲಯಗಳಲ್ಲಿ ಒಂದು ವರ್ಷದಲ್ಲಿ ಸುಮಾರು 2 ಲಕ್ಷ ದೋಷ, ಅದರಲ್ಲಿ ಅರ್ಧಕ್ಕೂ ಹೆಚ್ಚು ಕಟ್ಟಿಕೊಂಡದ್ದು. ಆ ದೋಷಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಡಿಪೋ ಮುಂದೆ. ಕಟ್ಟಿಕೊಂಡದ್ದನ್ನು ಸೂಕ್ಷ್ಮಜೀವಿ ಬಿಡಿಸುವುದಿಲ್ಲ. ಡಿಪೋದಲ್ಲಿ ಬೋಗಿಯ ಕೆಳಗೆ ನಿಂತು ಮನುಷ್ಯನೇ ಬಿಡಿಸಬೇಕು. ಯಾವ ಮನುಷ್ಯ ಎಂದು ಸಿಎಜಿ ಕೇಳಲಿಲ್ಲ. ನೀವು ಕೇಳಿ.

ಕಂಡುಹಿಡಿಯುವುದು ನಮಗೆ ಬಾರದ ವಿದ್ಯೆ ಎಂದು ಹೇಳುವವರಿಗೆ ಒಂದೇ ಮಾತು. ಹೈದರಾಲಿ, ಟಿಪ್ಪು ಕಾಲದ ಮೈಸೂರು ರಾಕೆಟ್ಟನ್ನು ಎಲ್ಲರೂ ಹೊಗಳುತ್ತಾರೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಸೈನ್ಯ ಅದರಿಂದ ಚೆದುರಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು, ಅಲ್ಲಿ ಕಾಂಗ್ರೀವ್ ಎಂಬವನು ಅದನ್ನೇ ತಿದ್ದಿ ತನ್ನ ಹೆಸರಿಟ್ಟುಕೊಂಡ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಾವಿರ ರಾಕೆಟ್ಟು ಸಿಕ್ಕಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ. ಆ ರಾಕೆಟ್ಟು ಅಂದರೆ ಏನು? ಒಂದು ಕಬ್ಬಿಣದ ಕೊಳವೆ, ಒಳಗೆ ಮದ್ದು, ಜೊತೆಗೊಂದು ಬಿದಿರ ಗಳ. ಕೊಳವೆಯನ್ನು ಗಳಕ್ಕೆ ಬಿಗಿದದ್ದು ತೊಗಲಿನ ಬಾರಿನಿಂದ. ಬಾರು ಸಡಿಲವಾದರೆ ರಾಕೆಟ್ಟು ಹಾರಿಸಿದವನ ಮೇಲೇ ತಿರುಗುತ್ತದೆ. ಆ ತೊಗಲನ್ನು ಹದ ಮಾಡಿದವನು ಯಾರು, ಅಷ್ಟು ಬಿಸಿಗೂ ಬಿಚ್ಚದಂತೆ ಕಟ್ಟು ಹಾಕಿದವನು ಯಾರು? ಟಿಪ್ಪುವಿನ ಹೆಸರಿದೆ, ಕಾಂಗ್ರೀವನ ಹೆಸರಿದೆ. ತೊಗಲು ಹದ ಮಾಡಿದವರ ಮನೆತನ ಈಗಲೂ ಊರ ಹೊರಗಿದೆ. ಕೇಳಿದರೆ, ತಮಟೆ ಬಿಗಿಯುವಾಗ ಆ ಗಂಟು ಹಾಕಿ ತೋರಿಸುತ್ತಾರೆ.

ಪ್ರತಿವರ್ಷ ಸೆಪ್ಟೆಂಬರ್ 15ಕ್ಕೆ ಇಂಜಿನಿಯರುಗಳ ದಿನ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ. ದೊಡ್ಡ ಇಂಜಿನಿಯರು, ಅದರಲ್ಲಿ ನನಗೆ ತಕರಾರಿಲ್ಲ. ನೀರು ಏರಿದಾಗ ತಾನೇ ತೆರೆದುಕೊಳ್ಳುವ ಅಣೆಕಟ್ಟಿನ ಬಾಗಿಲನ್ನು ಕಂಡುಹಿಡಿದು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಕೂರಿಸಿದವರು. ಆದರೆ 1918ರಲ್ಲಿ, ಬ್ರಾಹ್ಮಣೇತರರಿಗೂ ಸರ್ಕಾರಿ ನೌಕರಿಯ ಬಾಗಿಲು ತೆಗೆಯಬೇಕೆಂದು ಮಹಾರಾಜರು ಮಿಲ್ಲರ್ ಸಮಿತಿ ಮಾಡಿದಾಗ, ಇವರಿಗೆ ಒಪ್ಪಿಗೆಯಾಗಲಿಲ್ಲ, ದಿವಾನಗಿರಿ ಬಿಟ್ಟು ನಡೆದರು. ನೀರಿನ ಒತ್ತಡಕ್ಕೆ ತೆರೆಯುವ ಬಾಗಿಲು ಮಾಡಿದವರಿಗೆ ಜನರ ಒತ್ತಡಕ್ಕೆ ತೆರೆಯುವ ಬಾಗಿಲು ಬೇಡವಾಯಿತು. ಹಾರ ಹಾಕುವವರು ಈ ಮಾತನ್ನೂ ಭಾಷಣದಲ್ಲಿ ಸೇರಿಸಿಕೊಳ್ಳಲಿ.

ಈಗ ನಮ್ಮ ಜಿಲ್ಲೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಕಾಲದಿಂದಲೂ ಸೈನ್ಯಕ್ಕೆ ಕುದುರೆ ಸಾಕಿದ ಜಾಗ. ಈ ಸೀಮೆಯ ಕಾವಲುಗಳಲ್ಲಿ ಮೇಯ್ದ ಅಮೃತಮಹಲ್ ಎತ್ತುಗಳು ಫಿರಂಗಿ ಗಾಡಿ ಎಳೆದವು. ಯುದ್ಧದ ವಾಹನಕ್ಕೂ ನಮ್ಮ ನೆಲಕ್ಕೂ ಹಳೆಯ ನಂಟು. ಈಗ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಹೆಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಪ್ರಧಾನಿ ಬಂದು ಉದ್ಘಾಟಿಸಿದರು. ವರ್ಷಕ್ಕೆ 30 ಹೆಲಿಕಾಪ್ಟರಿನಿಂದ ಶುರುಮಾಡಿ 90ರವರೆಗೆ ಏರಿಸುತ್ತೇವೆಂದರು. ಸಿಯಾಚಿನ್‌ನಂಥ ಎತ್ತರದಲ್ಲೂ ಹಾರುವ ಹಗುರ ಹೆಲಿಕಾಪ್ಟರು. ನಮ್ಮ ಹುಡುಗರು ಐಟಿಐ ಸರ್ಟಿಫಿಕೇಟು ಹಿಡಿದುಕೊಂಡು ಆ ಕಡೆ ನೋಡುತ್ತಿದ್ದಾರೆ. ಕೆಲಸ ಸಿಗಲಿ, ಫಿಟ್ಟರ್ ಆಗಲಿ, ಇಂಜಿನಿಯರ್ ಆಗಲಿ, ಅದನ್ನೇ ನಾನು ಬಯಸುವುದು. ನಾನು ಹೇಳುವುದು, ಕಾರ್ಖಾನೆಯ ಮುಂದಿನ ಗೇಟಿನಲ್ಲಿ ಎಷ್ಟು ಜನ ನಮ್ಮವರು, ಹಿಂದಿನ ಗೇಟಿನಲ್ಲಿ ಪೊರಕೆ ಹಿಡಿದು ಎಷ್ಟು ಜನ ನಮ್ಮವರು ಎಂದು ಲೆಕ್ಕ ಇಡಿ ಎಂದು. ಎಲ್ಲಾ ಕಾರ್ಖಾನೆಗೂ ಈ ಲೆಕ್ಕ ಇಡಿ.

ಇಷ್ಟು ಹೇಳಿದ ಕೂಡಲೇ ಒಬ್ಬ ಎದ್ದು ನಿಲ್ಲುತ್ತಾನೆ, 'ಏನ್ರೀ, ಸೈನಿಕರ ಟ್ಯಾಂಕಿಗೂ ಹೊಟ್ಟೆಕಿಚ್ಚಾ?' ಅಂತ. ಅಲ್ಲಪ್ಪ. ಸೈನ್ಯದಲ್ಲಿರುವವರೂ ನಮ್ಮಂಥ ಹಳ್ಳಿಗಳ ಮಕ್ಕಳೇ. ಅಂಬೇಡ್ಕರ್ ಅವರ ತಂದೆಯೂ ಸೈನ್ಯದಲ್ಲಿ ಸುಬೇದಾರರು. ಟ್ಯಾಂಕಿನೊಳಗೆ ಕೂತವನಿಗೆ ಸೋಸಿದ ಗಾಳಿ ಬೇಕು. ಅದನ್ನು ಕೊಟ್ಟವರಿಗೆ ಶರಣು. ಒಬ್ಬ ಸೈನಿಕನ ಜೀವ ಬೆಲೆಬಾಳುವಂಥದ್ದು ಎಂದು ದೇಶ ತೀರ್ಮಾನಿಸಿದ ಮೇಲೆ ವಿದ್ಯೆ ತಾನೇ ಓಡಿಬಂತು. ಗುಂಡಿಗೆ ಇಳಿಯುವವನ ಬಗ್ಗೆ ಆ ತೀರ್ಮಾನ ಇನ್ನೂ ಆಗಿಲ್ಲ. ಅಷ್ಟೇ ವ್ಯತ್ಯಾಸ, ಅದೇ ಎಲ್ಲಾ ವ್ಯತ್ಯಾಸ. 2019ರಿಂದ 2023ರವರೆಗೆ ಚರಂಡಿ, ಗುಂಡಿಗಳಲ್ಲಿ 377 ಜನ ಸತ್ತರೆಂದು ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಹೇಳಿದೆ. ಇದು ಲೆಕ್ಕಕ್ಕೆ ಸಿಕ್ಕವರು. ಚರಂಡಿಗಿಳಿಯುವ ಸುಮಾರು 38,000 ಜನರ ಪಟ್ಟಿ ಮಾಡಿದರಲ್ಲ, ಅದರಲ್ಲಿ ನೂರಕ್ಕೆ ಸುಮಾರು 69 ಜನ ಪರಿಶಿಷ್ಟ ಜಾತಿಯವರು. ಯುದ್ಧವಿಲ್ಲದ ದಿನಗಳಲ್ಲೂ ನಮ್ಮ ಕಡೆ ಹೆಣ ಬೀಳುತ್ತಲೇ ಇದೆ. ಸತ್ತರೆ 10 ಲಕ್ಷ ಎಂದು 2014ರಲ್ಲಿ ಕೋರ್ಟು ಹೇಳಿತ್ತು, 2023ರಲ್ಲಿ 30 ಲಕ್ಷ ಎಂದಿತು. ಸತ್ತ ಮೇಲಿನ ಬೆಲೆ ಏರಿದೆ. ಬದುಕಿರುವಾಗಿನ ಬೆಲೆ ಹಾಗೇ ಇದೆ, ಒಂದು ಕ್ವಾರ್ಟರು.

ಯಂತ್ರ ಬಂದಿದೆಯಲ್ಲ ಎನ್ನುತ್ತಾರೆ. ಬಂದಿದೆ. ಕೇರಳದ ಹುಡುಗರು 2018ರಲ್ಲಿ ಚರಂಡಿಗೆ ಇಳಿಯುವ ರೋಬೋಟು ಮಾಡಿದರು, ಬ್ಯಾಂಡಿಕೂಟ್ ಅಂತ, ಹೆಗ್ಗಣ. ಹೀರುವ ಲಾರಿಗಳು ತಾಲ್ಲೂಕು ಕೇಂದ್ರಗಳಲ್ಲೂ ಓಡಾಡುತ್ತವೆ. ಲಾರಿ ಮೇಲಿನ ನೀರು ಹೀರಿಕೊಂಡು ಹೋಗುತ್ತದೆ, ತಳದ ಗಟ್ಟಿ ಉಳಿಯುತ್ತದೆ, ಓಣಿ ಕಿರಿದಾದರೆ ಲಾರಿ ಬರುವುದೇ ಇಲ್ಲ. ಆಗ ಯಾರೋ ಒಬ್ಬ ನಮ್ಮ ಹಟ್ಟಿಯ ದಾರಿ ಹಿಡಿಯುತ್ತಾನೆ. ರೋಬೋಟಿಗೆ ಬಂಡವಾಳ ಬೇಕು. ಹಟ್ಟಿಯವನಿಗೆ ಬೇಡ. ಅವನು ಕೆಟ್ಟರೆ ರಿಪೇರಿ ಖರ್ಚೂ ಇಲ್ಲ.

ಓದುವ ಗೆಳೆಯರು ಒಂದು ಕೆಲಸ ಮಾಡಿ. ಮುಂದಿನ ಇಂಜಿನಿಯರುಗಳ ದಿನಕ್ಕೆ ನಿಮ್ಮ ಕಾಲೇಜಿಗೆ, ಪಾಲಿಟೆಕ್ನಿಕ್ಕಿಗೆ, ಹೈಸ್ಕೂಲಿಗೆ ಅತಿಥಿಗಳು ಬರುತ್ತಾರಲ್ಲ, ಪ್ರಶ್ನೆ ಕೇಳಲು ಬಿಟ್ಟಾಗ ಎದ್ದು ನಿಲ್ಲಿ. ಒಂದು ಲಾರಿ, ಅದರ ಮೇಲೊಂದು ಗಾಳಿ ಸೋಸುವ ಫ್ಯಾನು, ಒಂದು ಮುಖವಾಡ, ಒಂದು ವಿಂಚು, ಒಂದು ಹಗ್ಗ, ಒಂದು ಗಾಳಿ ಪರೀಕ್ಷೆಯ ಮೀಟರು, ತಾಲ್ಲೂಕಿಗೆ ಒಂದರಂತೆ ಕಟ್ಟಿಕೊಡಲು ಎಷ್ಟು ಖರ್ಚು, ಎಷ್ಟು ದಿನ ಬೇಕು ಸಾರ್ ಎಂದು ಕೇಳಿ. ಮನುಷ್ಯನನ್ನು ಇಳಿಸಲಿಕ್ಕಲ್ಲ, ಬಿದ್ದವನನ್ನು ಎತ್ತಲಿಕ್ಕೆ ಎಂದು ಬಿಡಿಸಿ ಹೇಳಿ. ಇಳಿಸದೆ ಗುಂಡಿ ತೊಳೆಯುವ ಯಂತ್ರ ಅಮೃತೂರಿನಂಥ ಹೋಬಳಿಗೆ ಯಾವ ವರ್ಷ ಬರುತ್ತದೆ ಎಂಬುದನ್ನೂ ಕೇಳಿ, ಇಸವಿ ಹೇಳಿಸಿಕೊಳ್ಳಿ. ಅವರು ಏನಂದರೋ ಅಂದಂತೆಯೇ, ನಕ್ಕರೆ ನಕ್ಕರು ಎಂದೇ ಬರೆದು, ಊರು, ಕಾಲೇಜು, ತಾರೀಖು ಹಾಕಿ ಪತ್ರಿಕೆಗೆ ಕಳಿಸಿ. ಬಂದಷ್ಟನ್ನೂ ಅಚ್ಚು ಹಾಕೋಣ.